ಎಡಗೋಡೆಯ ಕಟ್ಟೆ

ಅಣ್ಣ ಬರೆದ ಪುಸ್ತಕದ ಮೂವತ್ತೊಂದನೆಯ ಪುಟ ಓದಿದ ಮೇಲೆ ನನಗೆ ಎರಡು ದಿನ ಊಟ ಸೇರಲಿಲ್ಲ. ಪುಸ್ತಕ ಇನ್ನೂ ಅಚ್ಚಾಗಿರಲಿಲ್ಲ. ಕರಡು ಪ್ರತಿಯನ್ನು ಚರ್ಚಿನ ಅಂಗಳಕ್ಕೆ ತಂದು, ಸುಣ್ಣ ಕಲಸುತ್ತಿದ್ದ ನನ್ನ ಕೈಗೆ ಕೊಟ್ಟು, "ಓದಿ ನೋಡು, ತಪ್ಪಿದ್ರೆ ಹೇಳು" ಎಂದು ದೊಡ್ಡ ಮನಸ್ಸು ಮಾಡಿ ಹೇಳಿ ಹೋಗಿದ್ದ. ತಪ್ಪು ಇರಲಾರದು ಎಂಬ ನಂಬಿಕೆ ಇದ್ದವರು ಮಾತ್ರ ಹಾಗೆ ಹೇಳುತ್ತಾರೆ.

ನಮ್ಮ ಚರ್ಚಿಗೆ ಮುಂದಿನ ವರ್ಷ ನೂರು ತುಂಬುತ್ತದೆ. ಶತಮಾನೋತ್ಸವ ಸಮಿತಿಗೆ ಅಣ್ಣನೇ ಅಧ್ಯಕ್ಷ, ಚರ್ಚಿನ ಇತಿಹಾಸ ಬರೆಯುವವನೂ ಅವನೇ. ಹೆಡ್ ಮೇಷ್ಟ್ರಾಗಿ ನಿವೃತ್ತನಾದವನು; ಈಗಲೂ ಯಾರಾದರೂ ಮಾತಾಡುವಾಗ ಕೈ ಎತ್ತಲಿ ಎಂದು ಕಾಯುವ ಹಾಗೆ ನೋಡುತ್ತಾನೆ. ನಾನು ಗಾರೆ ಕೆಲಸದವಳು. ಹಳೆಯ ಕಟ್ಟಡಗಳಿಗೆ ಸುಣ್ಣದ ಗಾರೆ ಹಾಕುವುದು ನನ್ನ ಕಸುಬು, ಸಿಮೆಂಟು ಮುಟ್ಟುವುದಿಲ್ಲ. ಉತ್ಸವಕ್ಕೆ ಮುಂಚೆ ಚರ್ಚಿನ ಗೋಡೆಗಳನ್ನು ಸರಿಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಸುಣ್ಣದ ಕೆಲಸ ಬಲ್ಲವರು ಸುತ್ತಮುತ್ತ ಬೇರೆ ಯಾರೂ ಉಳಿದಿಲ್ಲವಾದ್ದರಿಂದ ಅಧ್ಯಕ್ಷರ ತಂಗಿ ಎಂದು ಯಾರೂ ಆಡಿಕೊಳ್ಳುವ ಹಾಗಿರಲಿಲ್ಲ.

ಆ ಪುಟದಲ್ಲಿ ಇದ್ದದ್ದು ಇಷ್ಟು: "ಕಟ್ಟಡದ ಎಡಗೋಡೆಯು ಬಿರುಗಾಳಿಗೆ ಸಿಲುಕಿ ಕುಸಿದುಬಿದ್ದಿತು. ತರುವಾಯ ಅನುಭವವಿಲ್ಲದ ಕೈಗಳಿಂದ ಅವಸರದಲ್ಲಿ ಪುನಃ ಕಟ್ಟಲ್ಪಟ್ಟ ಕಾರಣ ಬಲಗೋಡೆಯ ಸೌಂದರ್ಯ ಅದಕ್ಕೆ ಒದಗಲಿಲ್ಲ."

ಅನುಭವವಿಲ್ಲದ ಕೈಗಳು. ಅವುಗಳಲ್ಲಿ ಎರಡು ನಮ್ಮ ಅಜ್ಜಿಯವು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರೆಲ್ಲ ಆಡಿಕೊಳ್ಳುತ್ತಾರೆ, ಇರಲಿ. ಬಿರುಗಾಳಿ ಬಂದಿದ್ದರೆ ಬಂತು ಎಂದು ನಾನೂ ಒಪ್ಪುತ್ತಿದ್ದೆ. ಆ ವರ್ಷ ಯಾವ ಬಿರುಗಾಳಿಯೂ ಬಂದಿರಲಿಲ್ಲ.

ನಮ್ಮ ಹಿರಿಯರು ಹಡಗು ಹತ್ತಿ ಬಂದವರು. ಬಿಟ್ಟುಬಂದ ಊರಿನಲ್ಲಿ ಹೊಲ ಹಂಚಿ ಹಂಚಿ ಅಂಗೈಯಷ್ಟಾಗಿತ್ತು. ಇಲ್ಲಿನ ಇಟ್ಟಿಗೆ ಭಟ್ಟಿಗಳಿಗೆ ಆಳು ಬೇಕಂತೆ ಎಂದು ಕೇಳಿ ಅರವತ್ತು ಸಂಸಾರ ಗಂಟುಮೂಟೆ ಕಟ್ಟಿದವು. ಭಟ್ಟಿಯ ಪಕ್ಕದ ಸಾಲುಮನೆಗಳಲ್ಲಿ ಒಂದು ಕೋಣೆಗೆ ಎಂಟು ಜನ. ಈ ಊರಲ್ಲಿ ಆಗಲೇ ಒಂದು ದೊಡ್ಡ ಚರ್ಚಿತ್ತು. ಇವರೂ ಅದೇ ಕಥೋಲಿಕರು, ಅದೇ ಶಿಲುಬೆ, ಅದೇ ಜಪಮಾಲೆ. ಆದರೆ ಇವರ ಬಟ್ಟೆಗೆ ಮೆತ್ತಿದ ಕೆಂಪು ಧೂಳಿನಿಂದ ಬೆಂಚು ಕೊಳೆಯಾಗುತ್ತದೆ ಎಂದು ಇವರನ್ನು ಬಾಗಿಲ ಹತ್ತಿರವೇ ನಿಲ್ಲಿಸುತ್ತಿದ್ದರು. ಏಳು ವರ್ಷ ನಿಂತೇ ಪೂಜೆ ಕೇಳಿದರು. ಎಂಟನೆಯ ವರ್ಷ, ನಮ್ಮದು ನಾವೇ ಕಟ್ಟಿಕೊಳ್ಳೋಣ ಎಂದರು.

ಅವರು ಕಟ್ಟಲು ಹೊರಟದ್ದು ಹೊಸ ಚರ್ಚನ್ನಲ್ಲ, ಬಿಟ್ಟುಬಂದ ಊರಿನ ಚರ್ಚನ್ನೇ. ನಕ್ಷೆ ಇರಲಿಲ್ಲ, ಫೋಟೋ ಇರಲಿಲ್ಲ. ಇದ್ದದ್ದು ನೆನಪು ಮಾತ್ರ. ಭಟ್ಟಿಯ ಮೇಸ್ತ್ರಿಯೊಬ್ಬರಿದ್ದರು, ಎಲ್ಲವನ್ನೂ ತಮ್ಮ ಊರುಗೋಲಿನಲ್ಲೇ ಅಳೆಯುತ್ತಿದ್ದರಿಂದ ಅವರಿಗೆ ಕೋಲುಮೇಸ್ತ್ರಿ ಎಂದೇ ಹೆಸರು. ಅವರು ಪ್ರತಿ ಭಾನುವಾರ ಗಂಡಸರನ್ನು ಸುತ್ತ ಕೂರಿಸಿಕೊಂಡು, ಯಾರಿಗೆ ಏನು ನೆನಪಿದೆ ಎಂದು ಕೇಳುತ್ತಿದ್ದರು. ಬಾಗಿಲಿಂದ ಬಲಿಪೀಠಕ್ಕೆ ನಲವತ್ತೆರಡು ಹೆಜ್ಜೆ ಎಂದು ಒಬ್ಬ ಹೇಳಿದ. ತನ್ನ ಅಪ್ಪನ ಶವಪೆಟ್ಟಿಗೆ ಹೊರುವಾಗ ಎಣಿಸಿದ್ದನಂತೆ. ಕಿಟಕಿ ತನ್ನ ತಲೆಗಿಂತ ಒಂದು ಗೇಣು ಮೇಲೆ ಶುರುವಾಗುತ್ತಿತ್ತು ಎಂದು ಪ್ರತಿ ಪೂಜೆಗೂ ಅದರ ಕೆಳಗೇ ನಿಲ್ಲುತ್ತಿದ್ದವನು ಹೇಳಿದ. ಉಪದೇಶದ ಹೊತ್ತಿಗೆ ನಿದ್ದೆ ಬಾರದಿರಲೆಂದು ಮಾಡಿನ ತೊಲೆ ಎಣಿಸುತ್ತಿದ್ದವರು ಇಬ್ಬರಿದ್ದರು. ಒಬ್ಬನ ಲೆಕ್ಕಕ್ಕೆ ಹದಿನೇಳು, ಇನ್ನೊಬ್ಬನದಕ್ಕೆ ಹದಿನಾರು. ಎರಡನೆಯವನು ಎಣಿಸುತ್ತಲೇ ನಿದ್ದೆ ಹೋಗಿರಬೇಕೆಂದು ತೀರ್ಮಾನಿಸಿ ಹದಿನೇಳೇ ಹಾಕಿದರು. ಈಗಲೂ ಹದಿನೇಳಿವೆ. ಬಲಗೋಡೆಗೆ ನಾಲ್ಕು ಎತ್ತರದ ಕಮಾನು ಕಿಟಕಿ, ಎರಡು ಸಾಲು ದಪ್ಪ ಕಂಬ, ಒಂದೇ ಗಂಟೆಯ ಮೊಂಡು ಗೋಪುರ, ನೆಲಕ್ಕೆ ನಿಲ್ಲಿಸಿ ಜೋಡಿಸಿದ ಇಟ್ಟಿಗೆ.

ಇಷ್ಟನ್ನೂ ಅಣ್ಣ ಬರೆದಿದ್ದಾನೆ, ಚೆನ್ನಾಗಿಯೇ ಬರೆದಿದ್ದಾನೆ. ಇನ್ನು ಮುಂದಿನದನ್ನು ಬರೆದಿಲ್ಲ.

ಬಿಟ್ಟುಬಂದ ಆ ಊರಿನ ಚರ್ಚಿನಲ್ಲಿ ಗಂಡಸರು ಬಲಗಡೆ, ಹೆಂಗಸರು ಎಡಗಡೆ ಕೂರುತ್ತಿದ್ದರು. ಪೂಜೆಯ ಹೊತ್ತಿನಲ್ಲಿ ಗಂಡಸು ಎಡಕ್ಕೆ ಕತ್ತು ಹೊರಳಿಸಿದರೆ ಅದನ್ನು ಪಾಪನಿವೇದನೆಯಲ್ಲಿ ಹೇಳಿಕೊಳ್ಳಬೇಕಾಗಿತ್ತು. ಹಾಗಾಗಿ ಹುಟ್ಟಿದಂದಿನಿಂದ ಆ ಚರ್ಚಿಗೆ ಹೋಗಿದ್ದ ಒಬ್ಬ ಗಂಡಸಿಗೂ ಅದರ ಎಡಗೋಡೆ ಹೇಗಿತ್ತೆಂದು ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವುದೂ ಗೊತ್ತಿರಲಿಲ್ಲ. ಬಲ ಹೇಗೋ ಎಡವೂ ಹಾಗೇ ಇದ್ದೀತು ಎಂದು ಅಲ್ಲೂ ನಾಲ್ಕು ಎತ್ತರದ ಕಿಟಕಿ ಇಟ್ಟು ಗೋಡೆ ಎಬ್ಬಿಸಿಬಿಟ್ಟರು. ದೇವರ ಮನೆ ಕಟ್ಟುವಲ್ಲಿ ಹೆಂಗಸರು ಕಾಲಿಡಬಾರದೆಂದು ಬೇರೆ ಕಟ್ಟಳೆ ಮಾಡಿಕೊಂಡಿದ್ದರು. ಹೆಂಡಂದಿರು ಹಗಲೆಲ್ಲ ಭಟ್ಟಿಯ ಅಂಗಳದಲ್ಲಿ ಮಣ್ಣು ತುಳಿದು ಇಟ್ಟಿಗೆಯ ಅಚ್ಚು ಹಾಕಿ, ಸಂಜೆ ಅಡುಗೆ ಮಾಡಿ ಕಾಯುತ್ತಿದ್ದರು. ಮನೆಗೆ ಬಂದು ಬಡಿಸಿಕೊಂಡು ಉಣ್ಣುವಾಗ ಒಂದು ಮಾತು ಕೇಳಬಹುದಿತ್ತು. ಅರವತ್ತು ಮನೆಯಲ್ಲಿ ಒಬ್ಬನೂ ಕೇಳಲಿಲ್ಲ.

ಗೋಡೆ ಎದ್ದು, ಮಾಡು ಕೂರಿಸುವ ಮುಂಚೆ, ಒಂದು ಭಾನುವಾರ ಹೆಂಗಸರನ್ನು ನೋಡಲು ಕರೆದರು. ಅಜ್ಜಿಗೆ ಆಗ ಇಪ್ಪತ್ತನಾಲ್ಕು. ಸೊಂಟದ ಮೇಲೆ ಆರು ತಿಂಗಳ ಮಗು. ಒಳಗೆ ಬಂದವಳು ಎಡಕ್ಕೆ ತಿರುಗಿ, ಗೋಡೆಯನ್ನು ಮೇಲಿಂದ ಕೆಳಗೆ ನೋಡಿ ಕೇಳಿದಳಂತೆ: "ಕಟ್ಟೆ ಎಲ್ಲಿ?"

ಆ ಊರಿನ ಚರ್ಚಿನ ಎಡಗೋಡೆಯ ಉದ್ದಕ್ಕೂ ಮೊಣಕಾಲೆತ್ತರದ ಕಟ್ಟೆ ಇತ್ತು. ಅದರ ಮೇಲೆ ಮೂರೇ ಅಗಲ ಕಿಟಕಿ, ಕೂತವರ ಭುಜಕ್ಕೆ ಗಾಳಿ ತಾಗುವಷ್ಟು ತಗ್ಗಿನಲ್ಲಿ. ಬಸುರಿಯರು, ಬಾಣಂತಿಯರು, ಮುದುಕಿಯರು ಬೆನ್ನು ಆನಿಸಿ ಕೂರುವ ಜಾಗ ಅದು. ಮಗು ಅತ್ತರೆ ಗೋಡೆಯ ಕಡೆ ತಿರುಗಿ ಹಾಲು ಕುಡಿಸಬಹುದು, ಸುಮ್ಮನಾಗದಿದ್ದರೆ ಪಕ್ಕದ ಸಣ್ಣ ಬಾಗಿಲಿಂದ ಹೊರಗೆ ಹೋಗಿ ಬರಬಹುದು. ಕಂಬಗಳು ಅಡ್ಡ ಬಾರದೆ ಬಲಿಪೀಠ ಕಾಣುವುದೂ ಅಲ್ಲಿಂದಲೇ. ಕಟ್ಟೆ ಇಲ್ಲದೆ ಎಡಗಡೆ ಕೂತರೆ ಹೆಂಗಸರಿಗೆ ಕಾಣುವುದು ಕಂಬದ ಬೆನ್ನು.

"ಅಂಥದ್ದೇನೂ ಅಲ್ಲಿ ಇರ್ಲಿಲ್ಲಮ್ಮ" ಎಂದರಂತೆ ಕೋಲುಮೇಸ್ತ್ರಿ. "ಮೂವತ್ತೆರಡು ವರ್ಷ ಅದೇ ಚರ್ಚಿಗೆ ಹೋಗಿದ್ದೀನಿ ನಾನು."

"ನೀವು ಹೋಗಿದ್ದು ಅರ್ಧ ಚರ್ಚಿಗೆ, ಮೇಸ್ತ್ರಿ" ಎಂದಳಂತೆ ಅಜ್ಜಿ.

ಗಂಡಸರು ನಕ್ಕರು. ನಮ್ಮ ಅಜ್ಜನೂ ನಕ್ಕ. ಎದ್ದ ಗೋಡೆ ಎದ್ದಾಯಿತು, ಇನ್ನು ಹೊಂದಿಕೊಂಡು ಹೋಗಿ ಎಂದರು. ನೋಡಿ, ಬಾಗಿಲ ಹತ್ತಿರ ಏಳು ವರ್ಷ ನಿಂತಿದ್ದ ಜನ ಇವರು. ಆ ಅವಮಾನವನ್ನು ಮನೆಯ ಹೆಂಗಸರಿಗೆ ದಾಟಿಸಲು ಇವರಿಗೆ ಏಳು ನಿಮಿಷವೂ ಬೇಕಾಗಲಿಲ್ಲ.

ಮಾರನೆಯ ದಿನ ಹೆಂಗಸರು ಭಟ್ಟಿಗೆ ಹೋಗಲಿಲ್ಲ. ಗಂಡಸರು ಕೆಲಸಕ್ಕೆ ಹೊರಟದ್ದೇ ತಡ, ಮಕ್ಕಳನ್ನು ಕಟ್ಟಿಕೊಂಡು ಚರ್ಚಿಗೆ ಬಂದು ಎಡಗೋಡೆಯನ್ನು ಮೇಲಿನಿಂದ ಒಂದೊಂದೇ ಇಟ್ಟಿಗೆಯಂತೆ ಬಿಚ್ಚಲು ಶುರು ಮಾಡಿದರು. ಹೊಸ ಸುಣ್ಣದ ಗಾರೆ ಬೇಗ ಗಟ್ಟಿಯಾಗುವುದಿಲ್ಲ, ಅಡುಗೆಮನೆಯ ಚಾಕುವಿನಿಂದಲೇ ಬಿಡಿಸಬಹುದು. ಸಂಜೆ ಗಂಡಸರು ಬಂದು ಕೂಗಾಡಿದರು. ಬೆಳಿಗ್ಗೆ ಭಟ್ಟಿಗೆ ಹೋಗಲೇಬೇಕಲ್ಲ, ಹೋದರು, ಇವರು ಮತ್ತೆ ಬಿಚ್ಚಿದರು. ಆರು ದಿನ. ಇಟ್ಟಿಗೆಗಳನ್ನು ಹೆರೆದು ಒರೆಸಿ ಜೋಡಿಸಿಟ್ಟರು, ಒಂದೂ ಮುಕ್ಕಾಗಲಿಲ್ಲ. ಆ ಇಟ್ಟಿಗೆಯ ಮಣ್ಣು ತುಳಿದವರೂ ಅವರೇ ತಾನೇ. ನಿಮ್ಮ ಗೋಡೆ ನೀವೇ ಕಟ್ಟಿಕೊಳ್ಳಿ ಎಂದು ಗಂಡಸರು ಕೈಕಟ್ಟಿ ನಿಂತರು. ಹೆಂಗಸರು ಕಟ್ಟಿಕೊಂಡರು. ಕೆಳಗಿನ ಹತ್ತು ವರಸೆ ಇಟ್ಟಿಗೆ ಸೊಟ್ಟಪಟ್ಟ ಇವೆ, ಇಲ್ಲ ಎನ್ನುವುದಿಲ್ಲ. ಕಿಟಕಿಯ ಎತ್ತರಕ್ಕೆ ಬರುವಷ್ಟರಲ್ಲಿ ದಾರ ಹಿಡಿದಂತೆ ನೇರವಾಗಿವೆ. ಮೂರು ವಾರದಲ್ಲಿ ಕಸುಬು ಕಲಿತವರು ಅವರು. ನಾನು ಮೂರು ವರ್ಷ ತೆಗೆದುಕೊಂಡೆ.

ಮುಂದಿನ ತಿಂಗಳು ಚರ್ಚನ್ನು ಮಂತ್ರಿಸಿ ಪವಿತ್ರಗೊಳಿಸಲು ಬಂದ ಪಾದ್ರಿಗಳು, ಎರಡು ಗೋಡೆ ಎರಡು ಥರ ಯಾಕಿದೆ ಎಂದು ಕೇಳಿದರು. ಹೆಂಡಂದಿರು ಕೆಡವಿದರು ಎಂದು ಯಾವ ಬಾಯಲ್ಲಿ ಹೇಳುತ್ತಾರೆ? ಗಾಳಿಗೆ ಬಿತ್ತು ಸ್ವಾಮಿ ಎಂದರು ಕೋಲುಮೇಸ್ತ್ರಿ. ಪಾದ್ರಿಗಳು ಅದನ್ನೇ ದಫ್ತರದಲ್ಲಿ ಬರೆದರು. "ನಮ್ಮನ್ನ ಗಾಳಿ ಅಂದುಬಿಟ್ರು" ಎಂದು ಅಜ್ಜಿ ತೊಂಬತ್ತರ ವಯಸ್ಸಿನಲ್ಲೂ ಹೇಳಿ, ಬಾಯಲ್ಲಿದ್ದ ಎರಡು ಹಲ್ಲು ಕಡಿಯುತ್ತಿದ್ದಳು.

ಕರಡು ಓದಿದ ಮೂರನೆಯ ದಿನ ಅಣ್ಣ ಚರ್ಚಿಗೆ ಬಂದ. ಅವನ ಜೊತೆ ದೂರದ ಪಟ್ಟಣದಿಂದ ಕರೆಸಿದ್ದ ಇಂಜಿನಿಯರು ಇದ್ದರು, ಬೊಕ್ಕತಲೆಯ ಮೃದು ಮಾತಿನ ಮನುಷ್ಯ. ಅವರು ಕಂಪ್ಯೂಟರಿನಲ್ಲಿ ಚರ್ಚಿನ ಚಿತ್ರ ಬಿಡಿಸಿದ್ದರು. ಚಿತ್ರದಲ್ಲಿ ಎಡಗಡೆ ಕಟ್ಟೆ ಇರಲಿಲ್ಲ. ಮೂರು ಕಿಟಕಿ ಮುಚ್ಚಿ, ಬಲಗಡೆ ಇರುವಂಥ ನಾಲ್ಕು ಎತ್ತರದ ಕಿಟಕಿ ಕೊರೆದಿದ್ದರು.

"ಇದೇನು?" ಎಂದೆ.

"ಸಿಮೆಟ್ರಿ" ಎಂದ ಅಣ್ಣ. "ಎರಡೂ ಕಡೆ ಒಂದೇ ಥರ. ನಮ್ಮ ಹಿರಿಯರು ಮೊದಲು ಕಟ್ಟಿದ್ದು ಹಾಗೇ ಅಲ್ವಾ, ಅದನ್ನೇ ಮತ್ತೆ ತರ್ತಾ ಇದ್ದೀವಿ. ಸಮಿತಿ ಒಪ್ಪಿದೆ. ಕಟ್ಟೆ ಒಡೆದ ಮೇಲೆ ಗಾರೆ ನೀನೇ ಹಾಕ್ಬೇಕು, ಚೆನ್ನಾಗಿ ಬರ್ಬೇಕು."

ನನ್ನ ಮೈಯೆಲ್ಲ ಉರಿದುಹೋಯಿತು. ಅಜ್ಜಿಯ ಗೋಡೆ ಒಡೆದು, ಒಡೆದ ಜಾಗಕ್ಕೆ ಅಜ್ಜಿಯ ಮೊಮ್ಮಗಳ ಕೈಯಿಂದಲೇ ತಿಪ್ಪೆ ಸಾರಿಸುವ ಕೆಲಸ.

"ಅಣ್ಣಾ, ಅದು ಗಾಳಿಗೆ ಬಿದ್ದ ಗೋಡೆ ಅಲ್ಲ. ಅಜ್ಜಿ ಹೇಳಿದ್ದು ನಿನಗೆ ನೆನಪಿಲ್ವಾ?"

"ಅಜ್ಜಿ ಕೊನೆಗಾಲದಲ್ಲಿ ಏನೇನೋ ಹೇಳ್ತಿದ್ಲು. ಅದು ಕಥೆ. ನನ್ನ ಹತ್ರ ದಾಖಲೆ ಇದೆ."

"ದಾಖಲೆ ಬರೆದೋರು ಯಾರು? ಒಂದು ತಿಂಗಳು ಆದ್ಮೇಲೆ ಬಂದ ಪಾದ್ರಿ. ಹೇಳಿದೋರು ಯಾರು? ಹೆಂಡ್ತಿ ಹತ್ರ ಸೋತ ಗಂಡಂದಿರು."

"ಎರಡು ವರ್ಷ ಊರೂರು ಅಲೆದಿದ್ದೀನಿ ನಾನು" ಎಂದ ಅಣ್ಣ. "ಎಷ್ಟು ದಫ್ತರ ತೆಗೆಸಿ ನೋಡಿದ್ದೀನಿ ಗೊತ್ತಾ? ನಿನ್ನ ಕೆಲಸ ನೀನು ಮಾಡು, ನನ್ನ ಕೆಲಸ ನನಗೆ ಬಿಡು."

ಅವನು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು. ಸರಿ, ನನ್ನ ಕೆಲಸ ನಾನು ಮಾಡುತ್ತೇನೆ ಎಂದುಕೊಂಡೆ. ಅವರು ಆ ಕಡೆ ಗೋಪುರ ನೋಡಲು ಹೋದಾಗ ಉಳಿ ಸುತ್ತಿಗೆ ತೆಗೆದುಕೊಂಡು ಎಡಗೋಡೆಯ ನಡುವೆ, ಕಟ್ಟೆಯಿಂದ ಕಿಟಕಿಯವರೆಗೆ, ಒಂದಾಳಿನಗಲ ಗಾರೆ ಕೆತ್ತಿ ತೆಗೆದೆ. ನೂರು ವರ್ಷದಿಂದ ಬೆಳಕು ಕಾಣದ ಇಟ್ಟಿಗೆ ಹೊರಗೆ ಬಂತು. ನೀರು ಹಾಕಿ ತೊಳೆದು, ಮೂರು ಇಟ್ಟಿಗೆಯನ್ನು ಹುಷಾರಾಗಿ ಕಿತ್ತು ಕಟ್ಟೆಯ ಮೇಲಿಟ್ಟು, ಇಂಜಿನಿಯರನ್ನು ಕರೆದೆ. ಅಣ್ಣನೂ ಹಿಂದೆಯೇ ಬಂದ.

"ಗಾಳಿಗೆ ಬಿದ್ದ ಗೋಡೆ ಇಟ್ಟಿಗೆ ಹೇಗಿರುತ್ತೆ ಸಾರ್?"

"ಮೂಲೆ ಮುರಿದಿರುತ್ತೆ" ಎಂದರು. "ಅರ್ಧಕ್ಕರ್ಧ ತುಂಡಾಗಿರುತ್ತೆ." ಹೇಳುತ್ತಲೇ ಒಂದು ಇಟ್ಟಿಗೆ ಎತ್ತಿಕೊಂಡರು. ಎಂಟು ಮೂಲೆಯೂ ಚೂಪಾಗಿದ್ದವು. ಎರಡನೆಯ ಸಲ ಕಟ್ಟಿದ ಗಾರೆಯ ಕೆಳಗೆ ಮೊದಲ ಸಲದ ಗಾರೆಯ ತೆಳುವಾದ ಪದರ, ಅದರ ಮೇಲೆ ಸಣ್ಣ ಸಣ್ಣ ಗೀರು, ಸುಟ್ಟ ರೊಟ್ಟಿಯನ್ನು ಚಾಕುವಿನಿಂದ ಹೆರೆದಾಗ ಉಳಿಯುವಂಥವು. ಎರಡನೆಯ ಇಟ್ಟಿಗೆಯೂ ಹಾಗೇ, ಮೂರನೆಯದೂ ಹಾಗೇ. ಗೋಡೆಯಲ್ಲಿ ಗಾರೆ ಕಳಚಿ ಕಾಣುತ್ತಿದ್ದ ನಲವತ್ತೋ ಐವತ್ತೋ ಇಟ್ಟಿಗೆಯಲ್ಲಿ ಒಂದೂ ತುಂಡಾಗಿರಲಿಲ್ಲ.

ಅವರು ಬಹಳ ಹೊತ್ತು ನೋಡಿ, ಅಣ್ಣನ ಕಡೆ ತಿರುಗಿದರು. "ಇದು ಬಿದ್ದ ಗೋಡೆ ಅಲ್ಲ ಮೇಷ್ಟ್ರೇ. ಯಾರೋ ಕೂತು ಬಿಚ್ಚಿದ ಗೋಡೆ."

ಅಣ್ಣ ಕೆಳಗೆ ಬಿದ್ದಿದ್ದ ಗಾರೆಯ ಹಕ್ಕಳೆಯನ್ನು ನೋಡಿ, ಇದನ್ನೆಲ್ಲ ಗುಡಿಸಿಬಿಡು ಎಂದ.

ಆ ಶನಿವಾರ ಸಂಜೆ ಅಣ್ಣನ ಮನೆಯಲ್ಲೇ ಸಮಿತಿ ಸೇರಿತು. ಹನ್ನೊಂದು ಜನ, ಹನ್ನೊಂದೂ ಗಂಡಸರು. ನನ್ನನ್ನು ಕರೆದದ್ದು ಕೆಲಸದವಳೆಂದು, ಬಾಗಿಲ ಹತ್ತಿರ ಒಂದು ಸ್ಟೂಲು ಹಾಕಿದ್ದರು. ಅವರಲ್ಲದೆ ನಡುವೆ ಫಾದರ್, ಪಕ್ಕದಲ್ಲಿ ಇಂಜಿನಿಯರು ಕೂತಿದ್ದರು. ಫಾದರ್ ಒಳ್ಳೆಯ ಮನುಷ್ಯ, ಆದರೆ ಏನು ಕೇಳಿದರೂ "ನೋಡೋಣ" ಎನ್ನುತ್ತಾರೆ. ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ನೋಡೋಣ ಫಾದರ್ ಎಂದೇ ಎಲ್ಲರೂ ಕರೆಯುವುದು, ಅದು ಅವರಿಗೂ ಗೊತ್ತು.

ನಾನು ಇಟ್ಟಿಗೆ ತೋರಿಸಿದೆ, ಇಂಜಿನಿಯರು ತಾವು ಕಂಡದ್ದನ್ನು ಹೇಳಿದರು, ಅಜ್ಜಿ ಹೇಳಿದ್ದನ್ನು ನಾನು ಹೇಳಿದೆ. ಇಟ್ಟಿಗೆ ಕೈಯಿಂದ ಕೈಗೆ ಹೋಯಿತು. ಅಣ್ಣ ಕನ್ನಡಕ ತೆಗೆದು ಒರೆಸಿದ.

"ಒಪ್ಪೋಣ" ಎಂದ. "ನಾನೇನು ಹಟಮಾರಿ ಅಲ್ಲ. ಪುಸ್ತಕದಲ್ಲಿ ತಿದ್ದುತ್ತೀನಿ. 'ಎಡಗೋಡೆಯ ಪುನರ್ನಿರ್ಮಾಣದಲ್ಲಿ ಸ್ತ್ರೀಯರೂ ಸಹಕರಿಸಿದರು.' ಸರಿ ಹೋಯ್ತಾ?"

ಎಲ್ಲರೂ ತಲೆಯಾಡಿಸಿದರು. ಸಹಕರಿಸಿದರು. ಯಾರಿಗೆ ಸಹಕರಿಸಿದರು? ಕೈಕಟ್ಟಿ ನಿಂತವರಿಗಾ? ಕೈ ಕೆಸರು ಮಾಡಿಕೊಂಡವರು ಒಬ್ಬರು, ನೂರು ವರ್ಷ ಮೊಸರು ತಿಂದವರು ಇನ್ನೊಬ್ಬರು. ಈಗ ಆ ಕೆಸರನ್ನೂ ಇವರೇ ಕಲಸಿದ ಹಾಗೆ ಬರೆಯುತ್ತಾರಂತೆ.

"ಮತ್ತೆ ಗೋಡೆ?" ಎಂದು ಕೇಳಿದೆ.

"ಗೋಡೆ ವಿಷಯ ಬೇರೆ. ಇತಿಹಾಸ ಪುಸ್ತಕದಲ್ಲಿ ಇರುತ್ತಲ್ಲ. ಕಟ್ಟಡ ಮಾತ್ರ ನೋಡೋಕೆ ಸರಿಯಾಗಿರ್ಬೇಕು."

"ಕಟ್ಟೆ ಒಡೀಬೇಡ ಅಣ್ಣಾ. ಬೇಕಾದ್ರೆ ಪುಸ್ತಕದಲ್ಲಿ ಗಾಳಿ ಅಂತಾನೇ ಬರ್ಕೊ, ಕಟ್ಟೆ ಬಿಟ್ಟುಬಿಡು." ಬೇಡಿಕೊಳ್ಳುತ್ತಿದ್ದೇನೆ ಎಂದು ನನಗೇ ನಾಚಿಕೆಯಾಯಿತು, ಆದರೂ ಬೇಡಿಕೊಂಡೆ.

"ಯಾಕೆ ಬಿಡ್ಬೇಕು? ಈಗ ಎಲ್ರೂ ಎಲ್ಲ ಕಡೆ ಕೂತ್ಕೊಳ್ತಾರೆ. ಅದರ ಮೇಲೆ ಯಾರೂ ಕೂರಲ್ಲ" ಎಂದ ಅಣ್ಣ. "ಛತ್ರಿ, ಚೀಲ ಇಡೋಕೆ ಉಪಯೋಗ ಅಷ್ಟೇ. ಯಾರಿಗೂ ಬೇಡದ ಕಟ್ಟೆ ಅದು."

ಅತ್ತಿಗೆ ಆಗಷ್ಟೇ ಅಡುಗೆಮನೆಯಿಂದ ಚಹಾ ತಂದಿದ್ದರು. ಹದಿಮೂರು ಲೋಟದಲ್ಲಿ ಎಂಟನ್ನು ಹಂಚಿ ಆಗಿತ್ತು. ಉಳಿದ ಐದು ಲೋಟದ ತಟ್ಟೆಯನ್ನು ಅಣ್ಣನ ಮುಂದೆ, ಅವನ ಕಾಗದಗಳ ಮೇಲೆಯೇ ಇಟ್ಟರು. ನನ್ನ ಹಾಗೆ ಬಾಯಿ ಜೋರಿನವರಲ್ಲ ಅವರು. ಆ ಮನೆಗೆ ಸೊಸೆಯಾಗಿ ಬಂದು ಮೂವತ್ತಾರು ವರ್ಷದಲ್ಲಿ ಇಂಥ ಸಭೆಗಳ ಮುಂದೆ ಅವರು ಆಡಿದ ಮಾತು "ಸಕ್ಕರೆ ಸಾಕಾ" ಎಂಬುದೊಂದೇ.

"ನಾನು ಅಲ್ಲೇ ಕೂತ್ಕೊಳ್ಳೋದು" ಎಂದರು.

ಅಣ್ಣನಿಗೆ ಅರ್ಥವಾಗಲಿಲ್ಲ. "ಎಲ್ಲಿ?"

"ಕಟ್ಟೆ ಮೇಲೆ. ಎರಡನೇ ಕಿಟಕಿ ಕೆಳಗೆ. ದೊಡ್ಡವನು ಹೊಟ್ಟೇಲಿದ್ದಾಗಿನಿಂದ."

"ಇಲ್ವಲ್ಲ, ನೀನು ನನ್ನ ಹಿಂದಿನ ಸಾಲಲ್ಲಿ ಕೂರೋದು."

"ಮದುವೆ ಆದ ಮೊದಲ ತಿಂಗಳು ಕೂತಿದ್ದೆ. ಆಮೇಲೆ ನಿಮ್ಮಜ್ಜಿ ಕೈ ಹಿಡಿದು ಕರ್ಕೊಂಡು ಹೋಗಿ ಕಟ್ಟೆ ಮೇಲೆ ಕೂರಿಸಿದ್ರು. ಮೂರು ಮಕ್ಕಳಿಗೂ ಹಾಲು ಕುಡಿಸಿದ್ದು ಅಲ್ಲೇ. ಈಗ ಸೊಂಟ ನೋವು, ಬೆಂಚಲ್ಲಿ ಕೂರೋಕಾಗಲ್ಲ, ಅಲ್ಲಾದ್ರೆ ಒರಗಬಹುದು."

ಯಾರೋ ಚಹಾ ಹೀರಿದ ಸದ್ದು ಕೇಳಿತು. ಅಣ್ಣ ಸಮಿತಿಯವರ ಮುಖ ನೋಡಿ, ಸ್ವಲ್ಪ ನಗಲು ನೋಡಿದ. "ನನಗೆ ಗೊತ್ತೇ ಇರ್ಲಿಲ್ಲ. ನೀನು ಹೇಳ್ಬೇಕಿತ್ತು."

"ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಇಬ್ರೂ ಒಟ್ಟಿಗೇ ಮನೆಗೆ ಬರ್ತೀವಲ್ಲ" ಎಂದರು ಅತ್ತಿಗೆ. ಕೋಪದಿಂದಲ್ಲ, ನಿಜವಾಗಿಯೂ ತಿಳಿಯಬೇಕೆಂಬಂತೆ ಕೇಳಿದರು. "ಮೂವತ್ತಾರು ವರ್ಷ. ನಾನು ಎಲ್ಲಿಂದ ಎದ್ದು ಬರ್ತೀನಿ ಅಂದ್ಕೊಂಡಿದ್ರಿ?"

ಅಣ್ಣ ಚಹಾದ ತಟ್ಟೆಯ ಕೆಳಗಿಂದ ತನ್ನ ಕಾಗದಗಳನ್ನು ಎಳೆದುಕೊಂಡ. ಸಮಿತಿಯ ಉಳಿದ ಹತ್ತು ಜನ ಲೋಟದೊಳಗೆ ನೋಡುತ್ತಿದ್ದರು. ತಮ್ಮ ತಮ್ಮ ಹೆಂಡಂದಿರು ಎಲ್ಲಿ ಕೂರುತ್ತಾರೆ ಎಂದು ನೆನಪಿಸಿಕೊಳ್ಳುತ್ತಿದ್ದರೆಂದು ನಾನು ಬರೆದುಕೊಡಬಲ್ಲೆ. ಅವರಲ್ಲಿ ನಾಲ್ವರ ಹೆಂಡತಿಯರು ಆ ಕಟ್ಟೆಯವರೇ. ಒಬ್ಬರ ಮಗಳು ಹೋದ ವಾರ ಎರಡು ತಿಂಗಳ ಕೂಸನ್ನು ಮಲಗಿಸಿಕೊಂಡು ನನ್ನ ಪಕ್ಕದಲ್ಲೇ ಕೂತಿದ್ದಳು. ನಾನು ಬಾಯಿ ಬಿಟ್ಟು ಹೇಳಲಿಲ್ಲ. ಅವತ್ತು ನನ್ನ ಮಾತಿಗೆ ಅಲ್ಲಿ ಕೆಲಸವಿರಲಿಲ್ಲ.

ಕೊನೆಗೆ ಫಾದರ್ ಗಂಟಲು ಸರಿಮಾಡಿಕೊಂಡರು. ನೋಡೋಣ ಎನ್ನುತ್ತಾರೆಂದು ಹಲ್ಲು ಕಚ್ಚಿಕೊಂಡು ಕಾದೆ. "ಗೋಡೆ ಮುಟ್ಟೋದು ಬೇಡ" ಎಂದರು. "ಕಟ್ಟೆ ಇದ್ದ ಹಾಗೇ ಇರ್ಲಿ. ಇದರಲ್ಲಿ ನೋಡೋದು ಏನೂ ಇಲ್ಲ." ಯಾರೂ ಎದುರು ಹೇಳಲಿಲ್ಲ. ಇಂಜಿನಿಯರು ಕಂಪ್ಯೂಟರು ತೆರೆದು ಅಲ್ಲೇ ಆ ನಾಲ್ಕು ಕಿಟಕಿಗಳನ್ನು ಅಳಿಸಿದರು.

ಎಲ್ಲರೂ ಹೋದ ಮೇಲೆ ಅಣ್ಣ ನನ್ನ ಹತ್ತಿರ ಬಂದ. ಕೈಯಲ್ಲಿ ಪೆನ್ನು, ಹೊಸ ಹಾಳೆ. "ಮೂವತ್ತೊಂದನೇ ಪುಟ ಹೊಸದಾಗಿ ಬರೀತೀನಿ" ಎಂದ. "ಅಜ್ಜಿ ಹೇಳಿದ್ದೆಲ್ಲ ಒಂದು ಕಡೆಯಿಂದ ಹೇಳು. ಯಾರ್ ಯಾರು ಇದ್ರು, ಎಷ್ಟು ದಿನ, ಎಲ್ಲ."

"ನನಗೆ ಗೊತ್ತಿರೋದು ಅರ್ಧ" ಎಂದೆ. "ಅಜ್ಜಿ ಕೊನೆ ನಾಲ್ಕು ವರ್ಷ ಇದ್ದಿದ್ದು ನಿನ್ನ ಮನೇಲಿ. ನೋಡ್ಕೊಂಡಿದ್ದು ಅತ್ತಿಗೆ. ಅರವತ್ತು ಹೆಂಗಸರ ಹೆಸರೂ ಅವರಿಗೆ ಬಾಯಿಪಾಠ ಬರುತ್ತೆ. ಮೊದಲ ಇಟ್ಟಿಗೆ ತೆಗೆದೋರು ಯಾರು ಅನ್ನೋದೂ ಗೊತ್ತು, ಅದನ್ನ ನನಗೂ ಹೇಳಿಲ್ಲ."

ಅಣ್ಣ ಕೂತುಬಿಟ್ಟ. ಎರಡು ವರ್ಷ ಊರೂರು ಅಲೆದು, ಗೆದ್ದಲು ತಿಂದ ದಫ್ತರಗಳನ್ನು ಮೂಸಿ ನೋಡಿ ಹುಡುಕಿದ್ದ ಇತಿಹಾಸ ಅವನ ಅಡುಗೆಮನೆಯಲ್ಲಿತ್ತು, ದಿನಕ್ಕೆ ಮೂರು ಹೊತ್ತು ಅವನಿಗೆ ಬಡಿಸುತ್ತಿತ್ತು. ಹಿತ್ತಲ ಗಿಡ ಮದ್ದಲ್ಲ ಎಂದು ಸುಮ್ಮನೆ ಹೇಳಿದ್ದಾರಾ? ಅವನನ್ನು ನೋಡಿ ಪಾಪ ಎನಿಸಬೇಕಿತ್ತು. ಎನಿಸಲಿಲ್ಲ.

ಅವನು ಎದ್ದು ಹೋಗಿ ಅಡುಗೆಮನೆಯ ಬಾಗಿಲಲ್ಲಿ ನಿಂತ. ಅತ್ತಿಗೆ ಲೋಟ ತೊಳೆಯುತ್ತಿದ್ದರು.

"ಅಜ್ಜಿ ನಿನಗೆ ಹೇಳಿದ್ದನ್ನ ನನಗೆ ಹೇಳ್ತೀಯಾ? ಬರ್ಕೊಳ್ತೀನಿ."

"ಹೇಳ್ತೀನಿ" ಎಂದರು, ತಿರುಗದೆ. "ಇಲ್ಲಿ ಬೇಡ. ಅವರು ನನಗೆ ಹೇಳಿದ್ದು ಕಟ್ಟೆ ಮೇಲೆ, ಪೂಜೆಗೆ ಮುಂಚೆ. ಭಾನುವಾರ ಅರ್ಧ ಗಂಟೆ ಮೊದಲು ಬಂದು ನನ್ನ ಪಕ್ಕ ಕೂತ್ಕೊಳ್ಳಿ, ಹೇಳ್ತೀನಿ."

"ಅಲ್ಲಿ? ಹೆಂಗಸರ ಮಧ್ಯೆ?"

ಅತ್ತಿಗೆ ಲೋಟಗಳನ್ನು ಬೋರಲು ಹಾಕಿದರು.

ಅದಾಗಿ ಐದು ಭಾನುವಾರ ಕಳೆದಿವೆ. ಪುಸ್ತಕ ಇನ್ನೂ ಅಚ್ಚಿಗೆ ಹೋಗಿಲ್ಲ, ಮೂವತ್ತೊಂದನೆಯ ಪುಟ ಖಾಲಿ ಬಿದ್ದಿದೆ. ಅಣ್ಣ ಬಲಗಡೆ ಮೊದಲ ಸಾಲಿನಲ್ಲಿ, ತನ್ನ ಜಾಗದಲ್ಲೇ ಕೂರುತ್ತಾನೆ. ಅತ್ತಿಗೆ ಅರ್ಧ ಗಂಟೆ ಮೊದಲೇ ಬಂದು ಎರಡನೆಯ ಕಿಟಕಿಯ ಕೆಳಗೆ, ಪಕ್ಕದಲ್ಲಿ ಒಬ್ಬರಿಗಾಗುವಷ್ಟು ಜಾಗ ಬಿಟ್ಟು ಕೂರುತ್ತಾರೆ. ಗಂಟೆ ಹೊಡೆಯುವವರೆಗೂ ಆ ಜಾಗ ಹಾಗೇ ಇರುತ್ತದೆ, ಆಮೇಲೆ ಮಗು ಎತ್ತಿಕೊಂಡು ಬಂದ ಯಾರನ್ನಾದರೂ ಕರೆದು ಕೂರಿಸಿಕೊಳ್ಳುತ್ತಾರೆ.